ಹೆಜ್ಜೆಯ ಲಯವನ್ನು ಕ್ಯಾಮೆರಾಕ್ಕೆ ಕೊಟ್ಟ ಗುರುದತ್

ಗುರುದತ್ ಎಂಬ ಹೆಸರು ಕೇಳಿದೊಡನೆ ಅವರನ್ನು ಬಂಗಾಳಿ ಎಂದು ಭಾವಿಸುವವರು ಇಂದಿಗೂ ಇದ್ದಾರೆ. ಆದರೆ ದತ್ ಎಂಬುದು ಅವರ ಮನೆತನದ ಹೆಸರಲ್ಲ. ಗುರುದತ್ತ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಎರಡಾಗಿ ಬಿಡಿಸಿ ಬರೆದದ್ದರಿಂದ ಹುಟ್ಟಿಕೊಂಡ ಗೊಂದಲವಿದು. ಮನೆತನದ ಹೆಸರು ಪಡುಕೋಣೆ. ಇಂದಿನ ಉಡುಪಿ ಜಿಲ್ಲೆಯಲ್ಲಿರುವ ಊರಿನ ಹೆಸರದು. ಮನೆಮಾತು ಕೊಂಕಣಿ. ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರ ಜುಲೈ 9ರಂದು. ಹೆತ್ತವರು ಮೊದಲು ಇಟ್ಟ ಹೆಸರು ವಸಂತಕುಮಾರ. ಬಾಲ್ಯದಲ್ಲಿ ಸಂಭವಿಸಿದ ಅವಘಡವೊಂದರ ನಂತರ ಆ ಹೆಸರು ಶುಭವಲ್ಲವೆಂದು ಬಗೆದು ಗುರುದತ್ತ ಎಂದು ಬದಲಿಸಲಾಯಿತು.

ತಂದೆ ಶಿವಶಂಕರ ಪಡುಕೋಣೆಯವರಿಗೆ ಸಾಹಿತ್ಯದ ಒಲವಿತ್ತು, ಉದ್ಯೋಗದಲ್ಲಿ ನೆಲೆ ಇರಲಿಲ್ಲ. ತಾಯಿ ವಾಸಂತಿಯವರು ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ಸ್ವಪ್ರಯತ್ನದಿಂದ ಓದಿ ಶಿಕ್ಷಕಿಯಾದವರು. ಮುಂದೆ ಮಗನ ಕುರಿತು ಕನ್ನಡದಲ್ಲಿ ಪುಸ್ತಕವನ್ನೂ ಬರೆದರು. ಕುಟುಂಬವು ಕಲ್ಕತ್ತೆಯ ಭವಾನಿಪುರಕ್ಕೆ ತೆರಳಿದಾಗ ಹುಡುಗ ಬಂಗಾಳಿಯನ್ನು ತಾಯಿನುಡಿಯಷ್ಟೇ ಸಲೀಸಾಗಿ ಕಲಿತ. ದೀಪದ ಬೆಳಕಿನ ಮುಂದೆ ಬೆರಳುಗಳನ್ನು ಹಿಡಿದು ಗೋಡೆಯ ಮೇಲೆ ನೆರಳಿನ ಆಕೃತಿಗಳನ್ನು ಕುಣಿಸುವುದು ಅವನ ಮೆಚ್ಚಿನ ಆಟವಾಗಿತ್ತು. ಸಂಬಂಧಿಕರಾದ ಬಿ.ಬಿ. ಬೆನಗಲ್ ಚಿತ್ರಕಲಾವಿದರು. ಸಿನಿಮಾ ಪೋಸ್ಟರುಗಳನ್ನು ರಚಿಸುತ್ತಿದ್ದ ಅವರ ಚಿತ್ರವೊಂದರಿಂದ ಸ್ಫೂರ್ತಿ ಪಡೆದು ಗುರುದತ್ ಸರ್ಪನೃತ್ಯವೊಂದನ್ನು ತಾವೇ ಸಂಯೋಜಿಸಿ ಆಡಿ ತೋರಿಸಿದರು. ಕಾಲೇಜು ಓದಲು ಮನೆಯಲ್ಲಿ ಹಣವಿರಲಿಲ್ಲ. ಮೆಟ್ರಿಕ್ಯುಲೇಷನ್ನಿಗೇ ವಿದ್ಯಾಭ್ಯಾಸ ನಿಂತು, ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಸೇರಬೇಕಾಯಿತು.

ಈ ಬದುಕಿನಿಂದ ಅವರನ್ನು ಬಿಡಿಸಿದ್ದು ನೃತ್ಯ. ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಉದಯಶಂಕರ್ ತಮ್ಮ ಸಾಂಸ್ಕೃತಿಕ ಕೇಂದ್ರವನ್ನು ನಡೆಸುತ್ತಿದ್ದ ಕಾಲವದು. ಯೂರೋಪಿನಲ್ಲಿ ಅನ್ನಾ ಪಾವ್ಲೋವಾ ಅವರೊಡನೆ ನರ್ತಿಸಿ ಖ್ಯಾತರಾಗಿದ್ದ ಉದಯಶಂಕರರು ಅಲ್ಲಿಗೆ ಕಥಕ್ಕಳಿಗೆ ಶಂಕರನ್ ನಂಬೂದಿರಿ, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೆ, ಮಣಿಪುರಿಗೆ ಅಮೋಬಿ ಸಿಂಗ್, ಸಂಗೀತಕ್ಕೆ ಅಲ್ಲಾವುದ್ದೀನ್ ಖಾನ್ ಅವರಂಥ ಘಟಾನುಘಟಿಗಳನ್ನು ಕರೆತಂದಿದ್ದರು. 1942ರಲ್ಲಿ ಗುರುದತ್ ಅಲ್ಲಿ ವಿದ್ಯಾರ್ಥಿಯಾದರು. ಒಂದೇ ಶೈಲಿಗೆ ಕಟ್ಟುಬೀಳದೆ ದೇಹ, ಬೆಳಕು ಮತ್ತು ವಾದ್ಯಗಳನ್ನು ಒಟ್ಟಾಗಿ ಬಳಸಿ ಭಾವ ಹುಟ್ಟಿಸುವುದು ಉದಯಶಂಕರರ ಮಾರ್ಗ. ಬಿಳಿ ಪರದೆಯ ಹಿಂದೆ ನರ್ತಕರನ್ನು ನಿಲ್ಲಿಸಿ ನೆರಳಿನ ಮೂಲಕವೇ ಕಥೆ ಹೇಳುವ ಪ್ರಯೋಗಗಳೂ ಅಲ್ಲಿ ನಡೆದವು. ಗೋಡೆಯ ಮೇಲೆ ನೆರಳಾಡಿಸುತ್ತಿದ್ದ ಹುಡುಗನಿಗೆ ಇದಕ್ಕಿಂತ ಹೇಳಿಮಾಡಿಸಿದ ಪಾಠಶಾಲೆ ಬೇರೊಂದಿರಲಾರದು. ಯುದ್ಧಕಾಲದ ಮುಗ್ಗಟ್ಟಿನಲ್ಲಿ ಕೇಂದ್ರವು 1944ರಲ್ಲಿ ಬಾಗಿಲು ಮುಚ್ಚಿತು. ಅದೇ ವರ್ಷ ಗುರುದತ್ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಗೆ ಮೂರು ವರ್ಷಗಳ ಕರಾರಿನ ಮೇಲೆ ಸೇರಿದರು.

ಪ್ರಭಾತ್‌ನಲ್ಲಿ ಅವರು ಚಿಕ್ಕಪುಟ್ಟ ಪಾತ್ರ ಮಾಡಿದರು, ಸಹಾಯಕ ನಿರ್ದೇಶಕರಾದರು. 1946ರ 'ಹಮ್ ಏಕ್ ಹೈಂ' ಚಿತ್ರಕ್ಕೆ ನೃತ್ಯ ನಿರ್ದೇಶಕರಾದರು. ದೇವ್ ಆನಂದ್ ನಾಯಕರಾಗಿ ಪರದೆಗೆ ಬಂದದ್ದು ಇದೇ ಚಿತ್ರದಲ್ಲಿ. ಅಗಸನು ಇಬ್ಬರ ಅಂಗಿಗಳನ್ನು ಅದಲುಬದಲು ಮಾಡಿದ್ದರಿಂದ ಅವರ ಗೆಳೆತನ ಆರಂಭವಾಯಿತೆಂಬ ಕಥೆ ಪ್ರಸಿದ್ಧವಾಗಿದೆ. ತಾನು ನಿರ್ಮಾಪಕನಾದರೆ ಗುರುದತ್ ನಿರ್ದೇಶಕ, ಗುರುದತ್ ನಿರ್ದೇಶಕನಾದರೆ ದೇವ್ ಆನಂದ್ ನಾಯಕ ಎಂಬ ಒಪ್ಪಂದವೂ ಆಗ ಆಯಿತು. ಕರಾರು ಮುಗಿದ ಮೇಲೆ ಮುಂಬಯಿಯ ಮಾತುಂಗದ ಮನೆಯಲ್ಲಿ ಗುರುದತ್ ತಿಂಗಳುಗಟ್ಟಲೆ ನಿರುದ್ಯೋಗಿಯಾಗಿ ಕುಳಿತರು. ಜಗತ್ತಿಗೆ ಬೇಡವಾದ ಕಲಾವಿದನೊಬ್ಬನ ಕಥೆಯನ್ನು ಬರೆದದ್ದು ಆ ದಿನಗಳಲ್ಲಿ. ಹತ್ತು ವರ್ಷಗಳ ತರುವಾಯ ಅದೇ 'ಪ್ಯಾಸಾ' ಆಯಿತು.

ದೇವ್ ಆನಂದ್ ಮಾತು ಉಳಿಸಿಕೊಂಡರು. ನವಕೇತನ್ ಸಂಸ್ಥೆಗಾಗಿ ಗುರುದತ್ ನಿರ್ದೇಶಿಸಿದ 'ಬಾಜಿ' 1951ರಲ್ಲಿ ಬಿಡುಗಡೆಯಾಗಿ ಗೆದ್ದಿತು. ಅದರ ನೃತ್ಯಗಳನ್ನು ಸಂಯೋಜಿಸಿದವರು ಜೊಹ್ರಾ ಸೆಹಗಲ್. ಅಲ್ಮೋರಾದಲ್ಲಿ ಪಾಠ ಹೇಳುತ್ತಿದ್ದವರು. ಆ ಚಿತ್ರಕ್ಕೆ ಹಾಡಿದ ಗೀತಾ ರಾಯ್ 1953ರ ಮೇ ತಿಂಗಳಲ್ಲಿ ಗುರುದತ್ ಅವರ ಪತ್ನಿಯಾದರು.

'ಬಾಜಿ'ಯ ಸೆಟ್ಟಿನಲ್ಲೇ ಕನ್ನಡಿಗರು ಹೆಮ್ಮೆಪಡಬೇಕಾದ ಮತ್ತೊಂದು ನಂಟು ಬೆಸೆಯಿತು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಸಹಾಯಕ ಛಾಯಾಗ್ರಾಹಕರು. ಹಾಡಿನ ದೃಶ್ಯವೊಂದರಲ್ಲಿ ಕನ್ನಡಿಯ ಪ್ರತಿಬಿಂಬವನ್ನು ಬಳಸಿ ಕ್ಯಾಮೆರಾ ಚಲಿಸುವ ಕಷ್ಟದ ಶಾಟ್ ಒಂದನ್ನು ಅವರು ಸೂಚಿಸಿ, ತಾವೇ ತೆಗೆದು ತೋರಿಸಿದರು. ಮುಂದಿನ ಚಿತ್ರದಿಂದ ತಮ್ಮ ಛಾಯಾಗ್ರಾಹಕರು ಇವರೇ ಎಂದು ಗುರುದತ್ ಅಲ್ಲಿಯೇ ನಿಶ್ಚಯಿಸಿದರು. 1952ರ 'ಜಾಲ್' ಚಿತ್ರದಿಂದ ಆ ಜೋಡಿ ಕೂಡಿತು. ನಟರ ಮುಖಕ್ಕೆ ಹತ್ತಿರ ಸರಿದು, ಉದ್ದ ಫೋಕಸ್ಸಿನ ಲೆನ್ಸ್‌ನಿಂದ ಕಣ್ಣಿನ ಭಾವವನ್ನು ಹಿಡಿಯುವ ಬಗೆಗೆ ಚಿತ್ರರಂಗದಲ್ಲಿ ಗುರುದತ್ ಶಾಟ್ ಎಂದೇ ಹೆಸರಾಯಿತು.

1953ರ 'ಬಾಜ್' ಚಿತ್ರದಲ್ಲಿ ಅವರು ನಾಯಕ ನಟರಾದರು. ಚಿತ್ರ ಸೋತಿತು. ನಂತರದ 'ಆರ್ ಪಾರ್', 'ಮಿಸ್ಟರ್ ಅಂಡ್ ಮಿಸೆಸ್ 55' ಗೆದ್ದವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನೃತ್ಯ ಕಲಿತ ಈ ನಟ ಪರದೆಯ ಮೇಲೆ ತಾವು ಕುಣಿಯಲು ಹೋದದ್ದು ತೀರ ಕಡಿಮೆ. ಕಲಿತದ್ದನ್ನೆಲ್ಲ ಹಾಡಿನ ಚಿತ್ರೀಕರಣಕ್ಕೆ ಧಾರೆಯೆರೆದರು. ಮಾತು ಮುಗಿದಲ್ಲಿ ಆರಂಭದ ವಾದ್ಯಸಂಗೀತವೂ ಇಲ್ಲದೆ ಹಾಡು ನೇರವಾಗಿ ಶುರುವಾಗುವಂತೆ ಮಾಡಿದರು. ಕಾರು ಗ್ಯಾರೇಜು, ಈಜುಕೊಳ, ಬೀದಿ ಎಲ್ಲವೂ ಹಾಡಿನ ರಂಗಸ್ಥಳಗಳಾದವು. ನಟರ ಹೆಜ್ಜೆಗೆ ಕ್ಯಾಮೆರಾದ ಹೆಜ್ಜೆ ಕೂಡಿತು. ಭರತನಾಟ್ಯ ಕಲಿತಿದ್ದ ವಹೀದಾ ರೆಹಮಾನ್ ತೆಲುಗಿನ 'ರೋಜುಲು ಮಾರಾಯಿ'ಯ ನೃತ್ಯದಿಂದ ಹೆಸರಾದಾಗ, ಅವರನ್ನು 1956ರ 'ಸಿ.ಐ.ಡಿ.' ಮೂಲಕ ಹಿಂದಿಗೆ ಕರೆತಂದವರೂ ಗುರುದತ್ ಅವರೇ.

1957ರ 'ಪ್ಯಾಸಾ'ದ ಕವಿ ವಿಜಯ್ ಪಾತ್ರಕ್ಕೆ ಅವರು ಮೊದಲು ಬಯಸಿದ್ದು ದಿಲೀಪ್ ಕುಮಾರ್ ಅವರನ್ನು. ಅದು ಕೈಗೂಡದೆ ತಾವೇ ಬಣ್ಣ ಹಚ್ಚಿದರು. ಆ ಚಿತ್ರದಲ್ಲಿ ವೇಶ್ಯಾವಾಟಿಕೆಯ ನರ್ತಕಿಯೊಬ್ಬಳು ಕುಣಿಯುತ್ತಿದ್ದಾಳೆ. ಒಳಗೆ ಅವಳ ಕಾಯಿಲೆಯ ಮಗು ಅಳುತ್ತಿದೆ, ಹೊರಗೆ ಕುಳಿತವರು ಅವಳನ್ನು ನಿಲ್ಲಗೊಡುತ್ತಿಲ್ಲ. ಗೆಜ್ಜೆಯ ಸದ್ದು ಹಿಂಸೆಯಾಗಿ ಕೇಳುವ ಆ ದೃಶ್ಯವನ್ನು ನೃತ್ಯದ ಬೆಲೆ ಬಲ್ಲವರು ಮಾತ್ರ ಹಾಗೆ ತೆಗೆಯಬಲ್ಲರು. 2005ರಲ್ಲಿ ಅಮೆರಿಕದ 'ಟೈಮ್' ಪತ್ರಿಕೆಯು ಸಾರ್ವಕಾಲಿಕ ಶ್ರೇಷ್ಠ 100 ಚಿತ್ರಗಳ ಪಟ್ಟಿಯಲ್ಲಿ 'ಪ್ಯಾಸಾ'ವನ್ನು ಸೇರಿಸಿತು.

1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಖ್ಯಾತಿಯ ಶಿಖರದಿಂದ ಬಿದ್ದು ಸ್ಟುಡಿಯೋದ ಕುರ್ಚಿಯಲ್ಲೇ ಪ್ರಾಣ ಬಿಡುವ ನಿರ್ದೇಶಕನ ಕಥೆಯದು. ಕತ್ತಲ ಸ್ಟುಡಿಯೋದೊಳಕ್ಕೆ ಮೂರ್ತಿಯವರು ಕನ್ನಡಿಗಳ ಮೂಲಕ ಬಿಸಿಲನ್ನೇ ಹಾಯಿಸಿ ಮೂಡಿಸಿದ ಬೆಳಕಿನ ಕೋಲು ಇಂದು ಛಾಯಾಗ್ರಹಣದ ಪಾಠವಾಗಿದೆ. ಅದಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಪ್ರೇಕ್ಷಕರು ಮಾತ್ರ ಬರಲಿಲ್ಲ. ಆ ಸೋಲಿನ ಪೆಟ್ಟು ಎಷ್ಟಿತ್ತೆಂದರೆ, ಅಲ್ಲಿಂದ ಮುಂದೆ ನಿರ್ದೇಶಕನೆಂದು ತಮ್ಮ ಹೆಸರನ್ನು ಅವರು ಯಾವ ಚಿತ್ರಕ್ಕೂ ಹಾಕಿಕೊಳ್ಳಲಿಲ್ಲ. 1960ರ 'ಚೌದ್ವೀ ಕಾ ಚಾಂದ್' ನಷ್ಟವನ್ನು ತುಂಬಿಕೊಟ್ಟಿತು. 1962ರ 'ಸಾಹಿಬ್ ಬೀಬಿ ಔರ್ ಗುಲಾಮ್' ಅಬ್ರಾರ್ ಅಲ್ವಿಯವರ ನಿರ್ದೇಶನದಲ್ಲಿ ಬಂದು ರಾಷ್ಟ್ರಪತಿಗಳ ರಜತ ಪದಕ ಗಳಿಸಿತು. ಅದರ ಮುಜ್ರಾ ಹಾಡಿನಲ್ಲಿ ಮುಖ್ಯ ನರ್ತಕಿಯ ಮೇಲಷ್ಟೇ ಬೆಳಕು, ಸಹನರ್ತಕಿಯರೆಲ್ಲ ಕೊನೆಯವರೆಗೂ ನೆರಳು. ಅಲ್ಮೋರಾದ ಪರದೆ ಇಲ್ಲಿ ನೆನಪಾಗದಿರದು.

ಮನೆಯ ಬದುಕು ಅಷ್ಟರಲ್ಲಿ ಒಡೆದಿತ್ತು. ಗೀತಾ ಅವರೊಡನೆ ಮನಸ್ತಾಪ, ನಿದ್ರೆಯಿಲ್ಲದ ರಾತ್ರಿಗಳು, ಮದ್ಯ. ಮೂವರು ಮಕ್ಕಳು ತಾಯಿಯ ಬಳಿ ಇದ್ದರು. 1964ರ ಅಕ್ಟೋಬರ್ 10ರ ಬೆಳಿಗ್ಗೆ ಮುಂಬಯಿಯ ಪೆಡ್ಡರ್ ರಸ್ತೆಯ ಬಾಡಿಗೆ ಮನೆಯಲ್ಲಿ ಗುರುದತ್ ಮೃತರಾಗಿ ಕಂಡುಬಂದರು. ವಯಸ್ಸು 39. ಮದ್ಯ ಮತ್ತು ನಿದ್ರೆಗುಳಿಗೆಗಳು ಒಡಲಲ್ಲಿ ಸೇರಿದ್ದವು. ಅದು ಆಕಸ್ಮಿಕವೋ ಅಲ್ಲವೋ ಎಂಬ ಬಗ್ಗೆ ಬಲ್ಲವರಲ್ಲೇ ಒಮ್ಮತವಿಲ್ಲ; ಆ ಕುತೂಹಲಕ್ಕಾಗಿ ವ್ಯಯವಾದ ಪುಟಗಳು ಅವರ ಕಲೆಯ ಬಗ್ಗೆ ಬರೆದವಕ್ಕಿಂತ ಹೆಚ್ಚಾದದ್ದು ಬೇಸರದ ಸಂಗತಿ. ಅರ್ಧಕ್ಕೆ ನಿಂತ 'ಬಹಾರೇಂ ಫಿರ್ ಭೀ ಆಯೇಂಗಿ'ಯಲ್ಲಿ ಅವರ ಪಾತ್ರವನ್ನು ಧರ್ಮೇಂದ್ರ ವಹಿಸಿ ಚಿತ್ರ 1966ರಲ್ಲಿ ತೆರೆಕಂಡಿತು. ಗೀತಾ ದತ್ 1972ರಲ್ಲಿ, 41ನೇ ವಯಸ್ಸಿನಲ್ಲಿ ತೀರಿಕೊಂಡರು.

2004ರಲ್ಲಿ ಅಂಚೆ ಇಲಾಖೆ ಗುರುದತ್ ನೆನಪಿಗೆ ಅಂಚೆಚೀಟಿ ಹೊರತಂದಿತು. ಅವರು ಬಿಟ್ಟುಹೋದ ಬೆಳಕನ್ನು ಬಹುಕಾಲ ಕಾಪಾಡಿದ ವಿ.ಕೆ. ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರು. ಮೂರ್ತಿಯವರು 2014ರ ಏಪ್ರಿಲ್ 7ರಂದು, ಗುರುದತ್ ಹುಟ್ಟಿದ ಬೆಂಗಳೂರಿನಲ್ಲಿಯೇ ನಿಧನರಾದರು.