ಗುರುಮಾತೆ ಪ್ರುಡೆನ್ಸ್ ಕ್ರ್ಯಾಂಡಲ್

ಮನುಷ್ಯರೆಲ್ಲರೂ ಒಬ್ಬನೇ ದೇವರ ಮಕ್ಕಳೆಂದು ಪ್ರಾರ್ಥನಾಮಂದಿರದಲ್ಲಿ ಹೇಳುವುದು ಸುಲಭ. ಆ ನಂಬಿಕೆಯನ್ನು ಶಾಲೆಯ ಹೊಸ್ತಿಲಿಗೆ ತಂದು, ಅದಕ್ಕಾಗಿ ತನ್ನ ಸರ್ವಸ್ವವನ್ನೂ ಪಣಕ್ಕಿಡುವುದು ಸುಲಭವಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕೆಯಲ್ಲಿ ಅಂಥ ಸಾಹಸಕ್ಕೆ ಮುಂದಾದವರು ಶಿಕ್ಷಕಿ ಪ್ರುಡೆನ್ಸ್ ಕ್ರ್ಯಾಂಡಲ್.

ಪ್ರುಡೆನ್ಸ್ ಜನಿಸಿದ್ದು 1803ರ ಸೆಪ್ಟೆಂಬರ್ 3ರಂದು, ರೋಡ್ ಐಲೆಂಡ್ ರಾಜ್ಯದ ಹಾಪ್‌ಕಿಂಟನ್‌ನಲ್ಲಿ. ತಂದೆ ಪಾರ್ಡನ್, ತಾಯಿ ಎಸ್ತರ್. ಮನೆತನ ಕ್ವೇಕರ್ ಪಂಥದ್ದು. ಪ್ರತಿಯೊಬ್ಬ ಮನುಷ್ಯನ ಅಂತರಂಗದಲ್ಲಿಯೂ ದೈವೀ ಬೆಳಕು ಇದೆಯೆಂಬುದು ಆ ಪಂಥದ ಮೂಲ ನಂಬಿಕೆ. ಹೆಣ್ಣುಮಕ್ಕಳಿಗೂ ವಿದ್ಯೆ ಬೇಕೆನ್ನುವ, ಗುಲಾಮಗಿರಿಯನ್ನು ಪಾಪವೆಂದು ಬಗೆಯುವ ಆ ವಾತಾವರಣದಲ್ಲಿ ಬೆಳೆದ ಅವರು ಪ್ರಾವಿಡೆನ್ಸ್ ನಗರದ ಕ್ವೇಕರ್ ವಸತಿಶಾಲೆಯಲ್ಲಿ ಕಲಿತು ಶಿಕ್ಷಕಿಯಾದರು. 1831ರಲ್ಲಿ ಕನೆಕ್ಟಿಕಟ್ ರಾಜ್ಯದ ಕ್ಯಾಂಟರ್‌ಬರಿಯ ಗಣ್ಯರು ತಮ್ಮ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆಯನ್ನು ಬಯಸಿದಾಗ, ಊರ ನಡುವಿನ ದೊಡ್ಡ ಮನೆಯೊಂದನ್ನು ಕೊಂಡು ವಸತಿಶಾಲೆ ತೆರೆದರು. ಶಾಲೆಗೆ ಬೇಗನೆ ಒಳ್ಳೆಯ ಹೆಸರು ಬಂದಿತು.

1832ರ ಶರತ್ಕಾಲದಲ್ಲಿ ಸಾರಾ ಹ್ಯಾರಿಸ್ ಎಂಬ ಇಪ್ಪತ್ತು ವರ್ಷದ ತರುಣಿ ಅವರ ಬಳಿಗೆ ಬಂದಳು. ಅವಳು ಸ್ವತಂತ್ರ ಕರಿಯ ರೈತನೊಬ್ಬನ ಮಗಳು. ಇನ್ನಷ್ಟು ಕಲಿತು ತನ್ನ ಜನರ ಮಕ್ಕಳಿಗೆ ಪಾಠ ಹೇಳಬೇಕೆಂಬುದು ಅವಳ ಆಸೆ. ಗುಲಾಮಗಿರಿಯ ವಿರುದ್ಧ ವಿಲಿಯಂ ಲಾಯ್ಡ್ ಗ್ಯಾರಿಸನ್ ಹೊರಡಿಸುತ್ತಿದ್ದ ‘ಲಿಬರೇಟರ್’ ಪತ್ರಿಕೆಯನ್ನು ಪ್ರುಡೆನ್ಸ್ ಆಗಲೇ ಓದತೊಡಗಿದ್ದರು. ಬೈಬಲ್ಲಿನ ‘ಪ್ರಸಂಗಿ’ ಗ್ರಂಥದಲ್ಲಿ ದಮನಿತರ ಕಣ್ಣೀರನ್ನೂ ಅವರನ್ನು ಸಂತೈಸುವವರ ಅಭಾವವನ್ನೂ ಹೇಳುವ ಭಾಗ ಅವರ ಮನಸ್ಸನ್ನು ಹಿಡಿದು ನಿಲ್ಲಿಸಿತು. ಅವರು ಸಾರಾಳನ್ನು ಸೇರಿಸಿಕೊಂಡರು.

ಊರು ಕೆರಳಿತು. ಕರಿಯ ಹುಡುಗಿಯನ್ನು ಹೊರಗೆ ಹಾಕದಿದ್ದರೆ ತಮ್ಮ ಮಕ್ಕಳನ್ನು ಬಿಡಿಸುವುದಾಗಿ ಪೋಷಕರು ಎಚ್ಚರಿಸಿದರು. ಪ್ರುಡೆನ್ಸ್ ಅದಕ್ಕೆ ನೀಡಿದ ಉತ್ತರ ಯಾರೂ ನಿರೀಕ್ಷಿಸದಂಥದ್ದು. ಸಾರಾಳನ್ನು ಕಳುಹಿಸುವ ಬದಲು ಹಳೆಯ ಶಾಲೆಯನ್ನೇ ಮುಚ್ಚಿ, 1833ರ ಏಪ್ರಿಲ್ 1ರಂದು ಕರಿಯ ಹೆಣ್ಣುಮಕ್ಕಳಿಗಾಗಿಯೇ ಅದನ್ನು ಮತ್ತೆ ತೆರೆದರು. ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯ, ಪ್ರಾವಿಡೆನ್ಸ್ ಮುಂತಾದ ಕಡೆಗಳಿಂದ ಬಾಲಕಿಯರು ಬಂದರು. ಇಪ್ಪತ್ತಕ್ಕೂ ಹೆಚ್ಚು ಮಂದಿಯಾದರು. ಬಿಳಿಯ ಮಕ್ಕಳಿಗೆ ಹೇಳುತ್ತಿದ್ದ ವ್ಯಾಕರಣ, ಗಣಿತ, ಭೂಗೋಳ, ಇತಿಹಾಸ, ರಸಾಯನಶಾಸ್ತ್ರ, ಖಗೋಳಶಾಸ್ತ್ರಗಳನ್ನೇ ಅವರಿಗೂ ಕಲಿಸಲಾಯಿತು. ಪಾಠವನ್ನು ತಗ್ಗಿಸದೆ ಇದ್ದುದೇ ಆ ಶಾಲೆ ನೀಡಿದ ಮೊದಲ ಗೌರವ.

ಊರಿನವರ ಪ್ರತೀಕಾರ ಕ್ರೂರವಾಗಿತ್ತು. ಅಂಗಡಿಗಳು ಸಾಮಾನು ಕೊಡಲಿಲ್ಲ, ವೈದ್ಯರು ಬರಲಿಲ್ಲ, ಊರ ಚರ್ಚು ಆ ಮಕ್ಕಳಿಗೆ ಬಾಗಿಲು ಮುಚ್ಚಿತು. ಶಾಲೆಯ ಬಾವಿಗೆ ಸಗಣಿ ಸುರಿದರು. ತಂದೆ ಪಾರ್ಡನ್ ಹೊರಗಿನಿಂದ ನೀರು ತಂದುಕೊಡಬೇಕಾಯಿತು. ಆನ್ ಎಲೈಜಾ ಹ್ಯಾಮಂಡ್ ಎಂಬ ಹದಿನೇಳರ ಬಾಲಕಿಗೆ, ಹಳೆಯ ಅಲೆಮಾರಿ ಕಾಯಿದೆಯ ಪ್ರಕಾರ ದಂಡ ತೆರಬೇಕು, ಇಲ್ಲವೆ ಛಡಿಯೇಟು ತಿನ್ನಬೇಕೆಂದು ಬೆದರಿಸಲಾಯಿತು. ಅವಳು ಅಂಜಿ ಹಿಂದೆ ಸರಿಯಲಿಲ್ಲ. ವಿರೋಧಿಗಳ ಮುಂದಾಳು ನೆರೆಮನೆಯ ರಾಜಕಾರಣಿ ಆಂಡ್ರ್ಯೂ ಜಡ್ಸನ್. ಅವನೂ ಅವನ ಸಂಗಡಿಗರೂ ಕ್ರೈಸ್ತರೇ. ಶಾಲೆಯವರೂ ಊರಿನವರೂ ಓದುತ್ತಿದ್ದುದು ಒಂದೇ ಬೈಬಲನ್ನು. ಅದರ ಮಾತು ಯಾರನ್ನು ಒಳಗೊಳ್ಳುತ್ತದೆ ಎಂಬುದರಲ್ಲಿ ಮಾತ್ರ ಭೇದವಿತ್ತು.

1833ರ ಮೇ 24ರಂದು ಕನೆಕ್ಟಿಕಟ್ ಶಾಸನಸಭೆ ‘ಕರಿಯ ಕಾಯಿದೆ’ ಎಂದು ಕುಖ್ಯಾತವಾದ ಶಾಸನವನ್ನು ಅಂಗೀಕರಿಸಿತು. ಊರಿನವರ ಒಪ್ಪಿಗೆಯಿಲ್ಲದೆ ಹೊರರಾಜ್ಯದ ಕರಿಯರಿಗೆ ಪಾಠ ಹೇಳುವುದು ಅಪರಾಧವಾಯಿತು. ಜೂನ್ 27ರಂದು ಪ್ರುಡೆನ್ಸ್ ಬಂಧನಕ್ಕೊಳಗಾದರು. ಅವರ ಬೆಂಬಲಿಗರಾದ ಪಾದ್ರಿ ಸ್ಯಾಮ್ಯುಅಲ್ ಮೇ ಕೂಡಲೆ ಜಾಮೀನು ಕಟ್ಟಲಿಲ್ಲ. ಮಕ್ಕಳಿಗೆ ಅಕ್ಷರ ಕಲಿಸಿದ ಹೆಣ್ಣುಮಗಳನ್ನು ಸೆರೆಗೆ ತಳ್ಳಿದ ನಾಚಿಕೆ ನಾಡಿಗೆಲ್ಲ ತಿಳಿಯಲೆಂಬುದು ಉದ್ದೇಶ. ಪ್ರುಡೆನ್ಸ್ ಅದಕ್ಕೆ ಸಿದ್ಧರಾಗಿಯೇ ಒಂದು ರಾತ್ರಿಯನ್ನು ಸೆರೆಮನೆಯಲ್ಲಿ ಕಳೆದರು.

ಮೊದಲ ವಿಚಾರಣೆಯಲ್ಲಿ ಪಂಚರಲ್ಲಿ ಒಮ್ಮತ ಮೂಡಲಿಲ್ಲ. ಅಕ್ಟೋಬರಿನಲ್ಲಿ ನಡೆದ ಎರಡನೆಯ ವಿಚಾರಣೆಯಲ್ಲಿ ನ್ಯಾಯಾಧೀಶ ಡೇವಿಡ್ ಡ್ಯಾಗೆಟ್, ಕರಿಯರು ಸಂವಿಧಾನದ ಅರ್ಥದಲ್ಲಿ ಪ್ರಜೆಗಳಲ್ಲವೆಂದು ಪಂಚರಿಗೆ ತಿಳಿಸಿದನು, ಅಪರಾಧ ಸಾಬೀತಾಯಿತು. 1834ರ ಜುಲೈನಲ್ಲಿ ಮೇಲಿನ ನ್ಯಾಯಾಲಯ ತಾಂತ್ರಿಕ ದೋಷದ ಕಾರಣದಿಂದ ಆ ತೀರ್ಪನ್ನು ರದ್ದುಗೊಳಿಸಿತು. ಮೂಲ ಪ್ರಶ್ನೆಯನ್ನು ಮುಟ್ಟಲಿಲ್ಲ. ಕಾನೂನಿನಿಂದ ಆಗದ ಕೆಲಸವನ್ನು ಜನರ ಗುಂಪು ಮಾಡಿ ಮುಗಿಸಿತು. ಸೆಪ್ಟೆಂಬರ್ 9ರ ರಾತ್ರಿ ದೊಣ್ಣೆ, ಕಬ್ಬಿಣದ ಸಲಾಕೆಗಳನ್ನು ಹಿಡಿದು ಬಂದವರು ಕಿಟಕಿಗಳನ್ನು ಪುಡಿಗೈದರು. ಒಳಗೆ ಮಲಗಿದ್ದ ಬಾಲಕಿಯರ ಪ್ರಾಣಕ್ಕೆ ಅಂಜಿ ಪ್ರುಡೆನ್ಸ್ ಮರುದಿನವೇ ಶಾಲೆ ಮುಚ್ಚಿದರು. ತನ್ನ ಕಷ್ಟಕ್ಕೆ ಬಗ್ಗದವರು ಮಕ್ಕಳ ಅಪಾಯಕ್ಕೆ ಬಗ್ಗಿದರು.

ಅದೇ ವರ್ಷ ಪಾದ್ರಿ ಕ್ಯಾಲ್ವಿನ್ ಫಿಲಿಯೊ ಅವರನ್ನು ವರಿಸಿದ್ದ ಪ್ರುಡೆನ್ಸ್, ಮುಂದೆ ಇಲಿನಾಯ್ಸ್‌ಗೆ ತೆರಳಿದರು. ಪತಿಯ ಮರಣಾನಂತರ ಕ್ಯಾನ್ಸಸ್‌ನ ಎಲ್ಕ್ ಫಾಲ್ಸ್‌ನಲ್ಲಿ ನೆಲೆಸಿದರು. ಕರಿಯ ಕಾಯಿದೆ 1838ರಲ್ಲಿಯೇ ರದ್ದಾಗಿತ್ತು. 1886ರಲ್ಲಿ ಕನೆಕ್ಟಿಕಟ್ ಶಾಸನಸಭೆ ಅವರಿಗೆ ವರ್ಷಕ್ಕೆ 400 ಡಾಲರ್ ವೇತನ ಮಂಜೂರು ಮಾಡಿ ತನ್ನ ತಪ್ಪನ್ನು ತಿದ್ದಿಕೊಂಡಿತು. ಸಾಹಿತಿ ಮಾರ್ಕ್ ಟ್ವೇನ್ ಕೂಡ ಅದಕ್ಕೆ ದನಿಗೂಡಿಸಿದ್ದರು. 1890ರ ಜನವರಿ 28ರಂದು ಪ್ರುಡೆನ್ಸ್ ತೀರಿಕೊಂಡರು.

ಕರಿಯರು ಪ್ರಜೆಗಳೇ ಎಂಬ ಪ್ರಶ್ನೆಗೆ ಅಮೆರಿಕದ ಸಂವಿಧಾನ ಹೌದೆಂದು ಉತ್ತರಿಸಿದ್ದು 1868ರಲ್ಲಿ, ಭೀಕರ ಅಂತರ್ಯುದ್ಧದ ಬಳಿಕ. ಆ ಹೋರಾಟದ ಬಿಸಿ ನಮ್ಮ ಈ ಸೀಮೆಗೂ ತಟ್ಟಿತು: ಮಹಾತ್ಮಾ ಜೋತಿಬಾ ಫುಲೆಯವರು 1873ರ ತಮ್ಮ ‘ಗುಲಾಮಗಿರಿ’ ಗ್ರಂಥವನ್ನು ಗುಲಾಮರ ವಿಮೋಚನೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಪುಣೆಯ ಬೀದಿಯಲ್ಲಿ ಸಗಣಿಯ ಎರಚಾಟವನ್ನು ಸಹಿಸಿ ಶಾಲೆಗೆ ನಡೆದ ಸಾವಿತ್ರಿಬಾಯಿಯವರನ್ನು ಬಲ್ಲವರಿಗೆ ಕ್ಯಾಂಟರ್‌ಬರಿಯ ಬಾವಿಯ ಕಥೆ ಪರಕೀಯವೆನಿಸದು.

ಪ್ರುಡೆನ್ಸ್ ಅವರ ಶಾಲೆ ನಡೆದದ್ದು ಹದಿನೇಳು ತಿಂಗಳು ಮಾತ್ರ. ಆದರೆ ಸಾರಾ ಹ್ಯಾರಿಸ್ ಮುಂದೆ ತಾಯಿಯಾದಾಗ ತನ್ನ ಚೊಚ್ಚಲ ಮಗಳಿಗೆ ಪ್ರುಡೆನ್ಸ್ ಕ್ರ್ಯಾಂಡಲ್ ಎಂದೇ ಹೆಸರಿಟ್ಟಳು. ಶಿಕ್ಷಕಿಯೊಬ್ಬರಿಗೆ ಇದಕ್ಕಿಂತ ದೊಡ್ಡ ಗುರುದಕ್ಷಿಣೆ ಬೇರೆ ಯಾವುದಿದ್ದೀತು!