ಕಾದಂಬರಿಯಾಚೆಯ ಕಾರಂತರು

ಕೋಟ ಶಿವರಾಮ ಕಾರಂತರ ಹೆಸರನ್ನು ಕೇಳದ ವಿದ್ಯಾರ್ಥಿಯು ನಮ್ಮ ಕಾಲೇಜಿನಲ್ಲಿ ಇರಲಾರನು. ‘ಚೋಮನ ದುಡಿ’ಯನ್ನೋ ‘ಮರಳಿ ಮಣ್ಣಿಗೆ’ಯನ್ನೋ ಪಠ್ಯವಾಗಿ ಓದಿದವರು ನಮ್ಮಲ್ಲಿ ಅನೇಕರಿದ್ದಾರೆ. ಅವರು ಬರೆದ 47 ಕಾದಂಬರಿಗಳ ಗುಣದೋಷಗಳನ್ನು ತೂಗುವ ಕೆಲಸವನ್ನು ನಾನು ಕನ್ನಡ ವಿಭಾಗದ ಉಪಾಧ್ಯಾಯರಿಗೇ ಬಿಡುತ್ತೇನೆ. ಕಾದಂಬರಿ ಬರೆಯದ ಹೊತ್ತಿನಲ್ಲಿ ಈ ಮನುಷ್ಯನು ಏನು ಮಾಡುತ್ತಿದ್ದನು ಎಂಬುದೇ ನನ್ನ ಕುತೂಹಲ.

ಈ ಕುತೂಹಲಕ್ಕೆ ಒಂದು ಮನೆವಾರ್ತೆಯ ಕಾರಣವೂ ಉಂಟು. ಮಣ್ಣಗುಡ್ಡದ ನಮ್ಮ ಮನೆಯಲ್ಲಿ ನಾನು ಸಾಕಿದ ಒಂದು ಊರುನಾಯಿಯಿದೆ. ಬಿಚ್ಚಿಟ್ಟ ಎರಡು ಹಳೆಯ ರೇಡಿಯೋಗಳಿವೆ. ರಾತ್ರಿ ಊಟವಾದ ಮೇಲೆ ಕಪ್ಪು-ಬಿಳುಪಿನ ಹಳೆಯ ಚಲಚ್ಚಿತ್ರಗಳನ್ನು ನೋಡುವ ಚಟವೂ ನನಗಿದೆ. ಇವುಗಳಲ್ಲಿ ಯಾವುದು ಅನ್ನ ಕೊಡುತ್ತದೆ ಎಂದು ನನ್ನ ದೊಡ್ಡಪ್ಪನವರು ವಾರಕ್ಕೊಮ್ಮೆಯಾದರೂ ಕೇಳುತ್ತಾರೆ. ಹತ್ತು ಕಡೆ ಮನಸ್ಸಿಟ್ಟವನು ಒಂದು ಕಡೆಯೂ ದಡ ಸೇರುವುದಿಲ್ಲವೆಂಬುದು ಅವರ ನಿಶ್ಚಿತ ಮತ. ಕಾರಂತರೋ ತಮ್ಮ ಆತ್ಮಕಥೆಗೆ ಇಟ್ಟ ಹೆಸರೇ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ಹತ್ತು ಕಡೆ ಮನಸ್ಸಿಟ್ಟವನ ಗತಿ ಏನಾಯಿತೆಂದು ನೋಡಬೇಕಾದರೆ ಈ ಜಿಲ್ಲೆಯಲ್ಲಿ ಅವರಿಗಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಅವರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಕಾಲೇಜು ಓದಿಗೆ ಬಂದುದು ನಮ್ಮ ಮಂಗಳೂರಿಗೆ, ಹಂಪನಕಟ್ಟೆಯ ಸರಕಾರಿ ಕಾಲೇಜಿಗೆ. ಈಗ ಅದು ವಿಶ್ವವಿದ್ಯಾನಿಲಯ ಕಾಲೇಜು. 1920ರ ಆಗಸ್ಟಿನಲ್ಲಿ ಗಾಂಧೀಜಿಯವರು ಮಂಗಳೂರಿಗೆ ಬಂದು ಹೋಗಿದ್ದರು. ಅಸಹಕಾರದ ಗಾಳಿ ಬೀಸುತ್ತಿತ್ತು. ಕಾರಂತರು ಪದವಿಯನ್ನು ಮುಗಿಸದೆ ಕಾಲೇಜು ಬಿಟ್ಟು ಖಾದಿ, ಸ್ವದೇಶೀ ಎಂದು ಊರೂರು ಅಲೆದರು. ಮುಂದೆ ವಿಶ್ವವಿದ್ಯಾನಿಲಯಗಳು ಅವರನ್ನು ಕರೆದು ಡಾಕ್ಟರೇಟುಗಳನ್ನು ಕೊಟ್ಟುವು. ಇದನ್ನು ಓದಿ ಯಾರೂ ನಾಳೆಯೇ ಕಾಲೇಜು ಬಿಡಬೇಕಾಗಿಲ್ಲ. ಅವರು ಬಿಟ್ಟುದು ತರಗತಿಯನ್ನು, ಓದನ್ನಲ್ಲ.

ಮೊದಲು ಸಿನಿಮಾದ ವಿಷಯ ಹೇಳುತ್ತೇನೆ, ಏಕೆಂದರೆ ನನ್ನ ಸಹಪಾಠಿಗಳು ನಂಬದಿರುವುದು ಇದನ್ನೇ. ಕನ್ನಡದ ಮೊದಲ ವಾಕ್‌ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದುದು 1934ರಲ್ಲಿ. ಅದಕ್ಕೂ ಮೊದಲೇ, 1930ರ ಆಸುಪಾಸಿನಲ್ಲಿ, ಕಾರಂತರು ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಎರಡು ಮೂಕಿ ಚಿತ್ರಗಳನ್ನು ತಯಾರಿಸಿದ್ದರು. ಚಿತ್ರೋದ್ಯಮವೆಂಬುದು ಮುಂಬಯಿ, ಕಲ್ಕತ್ತ, ಮದ್ರಾಸುಗಳಂಥ ಮಹಾನಗರಗಳಲ್ಲಿ ನೆಲೆಯೂರುತ್ತಿದ್ದ ಕಾಲವದು. ದಕ್ಷಿಣ ಕನ್ನಡವೆಂಬ ಮೂಲೆಯ ಜಿಲ್ಲೆಯ ತರುಣನೊಬ್ಬನು ಆ ಸಾಹಸಕ್ಕೆ ಕೈಹಾಕಿದನೆಂದರೆ ಅವನ ಧೈರ್ಯವನ್ನು ಮೆಚ್ಚಬೇಕೋ, ಅವನ ಕಿಸೆಯ ಬಗ್ಗೆ ಮರುಗಬೇಕೋ ತಿಳಿಯದು. ಅಂದಿನ ಚಿತ್ರಸುರುಳಿಗಳು ನೈಟ್ರೇಟಿನವು. ಬೇಗ ಬೆಂಕಿ ಹಿಡಿಯುವ, ಸೆಕೆಗೆ ತೇವಕ್ಕೆ ತಾನಾಗಿ ಕರಗಿ ಅಂಟಾಗುವ ವಸ್ತು ಅದು. ನಮ್ಮ ದೇಶದ ಮೂಕಿ ಚಿತ್ರಗಳಲ್ಲಿ ಬಹುಪಾಲು ಹೀಗೆಯೇ ನಾಶವಾದುವು. ಹಳೆಯ ಚಿತ್ರಗಳ ಹುಚ್ಚಿರುವ ನನಗೆ ಕಾರಂತರ ಈ ಎರಡು ಚಿತ್ರಗಳು ಸಿಗದಿರುವುದು ವೈಯಕ್ತಿಕ ನಷ್ಟದಂತೆಯೇ ತೋರುತ್ತದೆ.

ಅವರ ಸ್ವಭಾವದ ಒಂದು ಅಂಶ ಇಲ್ಲಿಯೇ ಕಾಣುತ್ತದೆ. ನಮಗೆ ಸಿನಿಮಾ ಇಷ್ಟವೆಂದರೆ ಸಿನಿಮಾ ನೋಡುತ್ತೇವೆ. ಅವರಿಗೆ ಇಷ್ಟವೆಂದರೆ ಅದನ್ನು ತಾವೇ ಮಾಡಿ ನೋಡಬೇಕು. ಪುಸ್ತಕದ ವಿಷಯದಲ್ಲೂ ಹೀಗೆಯೇ ಆಯಿತು. ಪುತ್ತೂರಿನ ಪರ್ಲಡ್ಕದ ಗುಡ್ಡದ ಮೇಲೆ ‘ಬಾಲವನ’ವನ್ನು ಕಟ್ಟಿಕೊಂಡು ಮಕ್ಕಳ ಶಿಕ್ಷಣದ ಪ್ರಯೋಗಕ್ಕೆ ತೊಡಗಿದಾಗ, ಕನ್ನಡದ ಮಗುವಿಗೆ ಲೋಕವನ್ನು ತಿಳಿಸುವ ಪುಸ್ತಕವೇ ಇಲ್ಲವೆಂಬುದು ಅವರ ಗಮನಕ್ಕೆ ಬಂತು. ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಒಬ್ಬರೇ ಬರೆದು 1936ರಲ್ಲಿ ಹೊರತಂದರು. ಕನ್ನಡದ ಅಚ್ಚಿನ ಕೆಲಸ ಅಂದು ಎಂಥದಿತ್ತೆಂದು ಯೋಚಿಸಬೇಕು. ಗುಣಿತಾಕ್ಷರಗಳು, ಒತ್ತಕ್ಷರಗಳು ಎಲ್ಲಕ್ಕೂ ಬೇರೆ ಬೇರೆ ಸೀಸದ ಮೊಳೆಗಳು. ಮೊಳೆ ಜೋಡಿಸುವವನು ಒಂದೊಂದನ್ನೇ ಮನೆಯಿಂದ ಹೆಕ್ಕಿ, ತಲೆಕೆಳಗಾಗಿ ಓದಿಕೊಂಡು, ಸಾಲು ಕಟ್ಟಬೇಕು. ಚಿತ್ರವೆಂದರೆ ಅದಕ್ಕೊಂದು ಬ್ಲಾಕು ಆಗಬೇಕು, ಬ್ಲಾಕಿಗೆ ಹಣ ಆಗಬೇಕು. ಇಂಥ ಕಾಲದಲ್ಲಿ ಚಿತ್ರಗಳಿಂದ ತುಂಬಿದ ವಿಶ್ವಕೋಶವನ್ನು ಮಕ್ಕಳ ಕೈಗಿಡುವುದು ವ್ಯಾಪಾರವಂತೂ ಅಲ್ಲ. ಪುತ್ತೂರಿನಲ್ಲಿ ಅವರು ಸ್ವಂತ ಮುದ್ರಣ, ಪ್ರಕಟಣೆಗಳಿಗೂ ಇಳಿದರು. ಹರ್ಷ ಪ್ರಕಟಣಾಲಯವೆಂಬ ಹೆಸರು ಹಳೆಯ ಪುಸ್ತಕಗಳ ಮುಖಪುಟ ತಿರುವಿದರೆ ಇಂದಿಗೂ ಕಣ್ಣಿಗೆ ಬೀಳುತ್ತದೆ. ಈ ಎಲ್ಲ ಉತ್ಸಾಹದ ಬೆನ್ನಿಗೆ ಸಾಲವೂ ಬಂತು. ಅದು ಬೇಗನೆ ಬಿಟ್ಟುಹೋಗುವ ನೆಂಟನಾಗಿರಲಿಲ್ಲ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಗಂಡಸರ ಹವ್ಯಾಸಗಳನ್ನು ಹೊಗಳುವವರು ಆ ಹೊತ್ತಿನಲ್ಲಿ ಮನೆಯನ್ನು ನಡೆಸಿದವರು ಯಾರೆಂದು ಕೇಳುವುದಿಲ್ಲ. ಅದೇ 1936ರ ಮೇ ತಿಂಗಳಲ್ಲಿ ಕಾರಂತರು ಲೀಲಾ ಆಳ್ವರನ್ನು ವಿವಾಹವಾದರು. ಅವರು ನೃತ್ಯ ಕಲಿಸಿ ನಾಟಕ ಆಡಿಸುತ್ತಿದ್ದ ಶಾಲೆಯ ವಿದ್ಯಾರ್ಥಿನಿ ಆಕೆ. ವರನು ಬ್ರಾಹ್ಮಣ, ವಧು ಬಂಟರ ಮನೆಯವಳು. ಊರ ಬಾಯಿಗೆ ಇದಕ್ಕಿಂತ ದೊಡ್ಡ ಆಹಾರ ಬೇಕಿರಲಿಲ್ಲ. ಲೀಲಮ್ಮನವರು ಬಾಲ್ಯದಲ್ಲಿ ಮರಾಠಿಯಲ್ಲಿ ಓದಿದವರು. ಮದುವೆಯ ಬಳಿಕ ಕನ್ನಡವನ್ನು ಹೊಸದಾಗಿ ಕಲಿತು, ಹರಿ ನಾರಾಯಣ ಆಪ್ಟೆಯವರ ಪ್ರಸಿದ್ಧ ಮರಾಠೀ ಕಾದಂಬರಿಯೊಂದನ್ನು ಕನ್ನಡಕ್ಕೆ ತಂದರು. ಪತಿಯ ಗೀತನಾಟಕಗಳಲ್ಲಿ ಕುಣಿದರು. ನಾಲ್ವರು ಮಕ್ಕಳನ್ನು ಬೆಳೆಸಿದರು. ಸಾಲಗಾರರು ಬಾಗಿಲಿಗೆ ಬಂದರೂ ಅತಿಥಿಗಳು ಬಂದರೂ ಒಲೆ ಉರಿಯಲೇಬೇಕಷ್ಟೆ! ಕಾರಂತರ ಹತ್ತು ಮುಖಗಳಿಗೆ ಊಟ ಬಡಿಸಿದ ಕೈ ಒಂದೇ ಎಂಬುದನ್ನು ನಾವು ನೆನೆಯಬೇಕು. ನಮ್ಮ ಮನೆಯಲ್ಲಿಯೂ ನಾಯಿಯನ್ನು ಸಾಕಿದವನು ನಾನು, ಅದಕ್ಕೆ ಅನ್ನ ಹಾಕುವವರು ನನ್ನ ತಾಯಿ.

ಯಕ್ಷಗಾನದ ವಿಷಯವನ್ನು ನಮ್ಮ ಜಿಲ್ಲೆಯವರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆದರೆ ಗ್ರಂಥ ಬರೆದು ಸುಮ್ಮನಿರಲಿಲ್ಲ. ಚೆಂಡೆ ಮದ್ದಳೆಗಳ ನಡುವೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದರು, ಮಾತನ್ನು ಕಳೆದು ನೃತ್ಯಕ್ಕೆ ಒತ್ತು ಕೊಟ್ಟರು. ಮಾತುಗಾರಿಕೆಯೇ ಆಟದ ಜೀವವೆಂದು ನಂಬಿದ ನನ್ನಂಥವರಿಗೆ ಇದು ಇಂದಿಗೂ ಪೂರ್ತಿ ಒಪ್ಪಿಗೆಯಲ್ಲ.

ವಿಜ್ಞಾನದ ಮೇಲಿನ ಅವರ ಪ್ರೀತಿ ಮಾತ್ರ ನನ್ನನ್ನು ಬೆರಗುಗೊಳಿಸುತ್ತದೆ. ಕಾಲೇಜಿನಲ್ಲಿ ವಿಜ್ಞಾನದ ಪದವಿ ಪಡೆಯದವರು 1959ರಿಂದ ಮೊದಲ್ಗೊಂಡು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಬರೆದರು. ರೇಚೆಲ್ ಕಾರ್ಸನ್ ಎಂಬ ಅಮೆರಿಕನ್ ವಿಜ್ಞಾನಿಯ ಕಡಲಿನ ಕುರಿತಾದ ಪುಸ್ತಕವನ್ನು ಕನ್ನಡಿಸಿದರು. ಹಕ್ಕಿಗಳ ಮೇಲೆ ಬರೆದರು. ಶಿಲ್ಪಗಳನ್ನು ನೋಡಲು ಕ್ಯಾಮರಾ ಹಿಡಿದು ದೇವಾಲಯಗಳನ್ನು ಸುತ್ತಿದರು. ಅವರ ಮಗ ಉಲ್ಲಾಸ ಕಾರಂತರು ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ಬಳಿಕ ಹುಲಿಗಳ ಅಧ್ಯಯನಕ್ಕೆ ತಿರುಗಿದರು. ನಾಗರಹೊಳೆಯ ಕಾಡಿನಲ್ಲಿ ಹುಲಿ ಹಾದು ಹೋದಾಗ ತಾನಾಗಿ ಕ್ಲಿಕ್ಕಿಸುವ ಕ್ಯಾಮರಾಗಳನ್ನಿಟ್ಟು, ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಎಣಿಸುವ ಕ್ರಮವನ್ನು ಬೆಳೆಸಿದರು. ಯಂತ್ರವೂ ಪ್ರಾಣಿಯೂ ಬೇರೆ ಬೇರೆ ಲೋಕಗಳೆಂದು ಆ ಮನೆಯಲ್ಲಿ ಯಾರೂ ಕಲಿಸಿರಲಿಕ್ಕಿಲ್ಲ.

ವಿಜ್ಞಾನವನ್ನು ಮನೆಮನೆಗೆ ಹಂಚಿದ ಇದೇ ಕಾರಂತರು ಮುಪ್ಪಿನಲ್ಲಿ ಕೈಗಾದ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಸ್ಥಾವರದ ಮೊದಲ ಎರಡು ಘಟಕಗಳು 2000ರಲ್ಲಿ ವಿದ್ಯುತ್ತು ಕೊಡತೊಡಗಿದುವು. ಇದು ಮುದುಕನ ಹಟವೆಂದು ನಕ್ಕವರುಂಟು. ನನಗೆ ಹಾಗೆ ತೋರುವುದಿಲ್ಲ. ಯಂತ್ರವನ್ನು ಬಿಚ್ಚಿ ನೋಡಿದವನಿಗೆ ಅದರ ಅಪಾಯವನ್ನು ಕೇಳುವ ಹಕ್ಕು ಇತರರಿಗಿಂತ ಹೆಚ್ಚೇ ಇರುತ್ತದೆ. ಸ್ಥಾವರ ಬೇಕೇ ಬೇಡವೇ ಎಂಬುದನ್ನು ನಮ್ಮ ವಿಜ್ಞಾನ ವಿದ್ಯಾರ್ಥಿಗಳು ಚರ್ಚಾಕೂಟದಲ್ಲಿ ಎತ್ತಿಕೊಳ್ಳಲಿ.

ಮಂಗಳೂರಿನ ಹೊರವಲಯದ ಮೂಡುಶೆಡ್ಡೆಯ ಪಿಲಿಕುಳ ನಿಸರ್ಗಧಾಮಕ್ಕೆ ಅವರ ಹೆಸರನ್ನಿಟ್ಟಿದ್ದಾರೆ. ಅಲ್ಲಿ ಹುಲಿಗಳಿವೆ, ಕುಂಬಾರರ ಚಕ್ರವಿದೆ, ಗುತ್ತಿನ ಮನೆಯಿದೆ, ವಿಜ್ಞಾನ ಕೇಂದ್ರವಿದೆ, 2018ರಿಂದ ಒಂದು ತಾರಾಲಯವೂ ಇದೆ. ದೊಡ್ಡಪ್ಪನವರನ್ನು ಒಮ್ಮೆ ಕರೆದುಕೊಂಡು ಹೋದೆ. ಅವರು ಗುತ್ತಿನ ಮನೆಯ ಮರದ ಕೆತ್ತನೆಯನ್ನು ನೋಡುತ್ತ ಬಹಳ ಹೊತ್ತು ನಿಂತರು.

1997ರ ಡಿಸೆಂಬರ್ 9ರಂದು ಕಾರಂತರು ಮಣಿಪಾಲದಲ್ಲಿ ತೀರಿಕೊಂಡರು. ಸಿನಿಮಾದ ಕಥೆಯನ್ನು ನಾನು ಅರ್ಧದಲ್ಲಿ ಬಿಟ್ಟಿದ್ದೆ. 1978ರಲ್ಲಿ, ಜ್ಞಾನಪೀಠದ ಗೌರವ ಬಂದ ಸುಮಾರಿಗೆ, ಅವರು ಮತ್ತೆ ಚಿತ್ರರಂಗಕ್ಕೆ ಬಂದು, ತಮ್ಮದೇ ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂಬ ಚಿತ್ರವಾಗಿ ನಿರ್ದೇಶಿಸಿದರು. ಮೂಕಿಯ ಕಾಲದಲ್ಲಿ ಹಿಡಿದ ಹುಚ್ಚು ಅದು. ಆಗ ಅವರಿಗೆ 75 ದಾಟಿತ್ತು.