ನಮ್ಮ ತಟ್ಟೆಯ ಚರಿತ್ರೆ ಹೇಳಿದ ಬಿ.ಜಿ.ಎಲ್. ಸ್ವಾಮಿ

ಉಪ್ಪಿಟ್ಟಿನ ಹಸಿಮೆಣಸಿನಕಾಯಿ, ಮಸಾಲೆದೋಸೆಯ ಆಲೂಗಡ್ಡೆ, ಸಾರಿನ ಟೊಮ್ಯಾಟೊ, ಸಂಜೆಯ ಹುರಿಗಡಲೆಕಾಯಿ. ಇವುಗಳಲ್ಲಿ ಒಂದೂ ಈ ನೆಲದಲ್ಲಿ ಹುಟ್ಟಿದ್ದಲ್ಲ. ಎಲ್ಲವೂ ಅಮೆರಿಕ ಖಂಡಗಳಿಂದ ಹಡಗೇರಿ ಬಂದವು. ಈ ಸಂಗತಿಯನ್ನು ಕನ್ನಡಿಗರಿಗೆ ನಗುನಗುತ್ತಲೇ ಮನಗಾಣಿಸಿದವರು ಸಸ್ಯವಿಜ್ಞಾನಿ, ಸಾಹಿತಿ ಡಾ. ಬಿ.ಜಿ.ಎಲ್. ಸ್ವಾಮಿ.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಜನಿಸಿದ್ದು 1918ರ ಫೆಬ್ರುವರಿ 5ರಂದು. ತಂದೆ ಡಿ.ವಿ. ಗುಂಡಪ್ಪ. ಮನೆಯಲ್ಲಿ ಸಾಹಿತ್ಯ, ಸಂಗೀತಗಳ ವಾತಾವರಣವಿದ್ದರೂ ಮಗ ಆರಿಸಿಕೊಂಡದ್ದು ಸೂಕ್ಷ್ಮದರ್ಶಕವನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರೊ. ಇರ್ವಿಂಗ್ ಬೈಲಿ ಅವರೊಡನೆ ಸಂಶೋಧನೆ ನಡೆಸಿದರು. ತಾವು ಗುರುತಿಸಿದ ಹೊಸ ಸಸ್ಯವೊಂದಕ್ಕೆ ಗುರುವಿನ ಹೆಸರನ್ನೇ ಇಟ್ಟು ಋಣ ತೀರಿಸಿದರು. ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದರು.

ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಪಾಠ ಹೇಳಿದವರು ಕಥೆ ಹೇಳಲು ಬಳಸಿದ್ದು ಕನ್ನಡವನ್ನು. ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವ ‘ಹಸುರು ಹೊನ್ನು’ ಆಯಿತು. ಅದರ ಸಸ್ಯಚಿತ್ರಗಳೂ ಅವರ ಕೈಯವೇ. 1978ರಲ್ಲಿ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ‘ಕಾಲೇಜು ರಂಗ’ದಲ್ಲಿ ವಿದ್ಯಾಸಂಸ್ಥೆಗಳ ಒಳರಾಜಕೀಯ, ‘ಸಾಕ್ಷಾತ್ಕಾರದ ದಾರಿಯಲ್ಲಿ’ ಮಾದಕ ಸಸ್ಯಗಳು, ‘ಅಮೆರಿಕದಲ್ಲಿ ನಾನು’ ಕೃತಿಯಲ್ಲಿ ಪರದೇಶವಾಸ. ಹೀಗೆ ಅವರ ಆಸಕ್ತಿಗೆ ಗಡಿಯೇ ಇರಲಿಲ್ಲ.

ಈ ಸಾಲಿನಲ್ಲಿ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಕೃತಿಗೆ ವಿಶೇಷ ಸ್ಥಾನವಿದೆ. ಕೊಲಂಬಸ್ 1492ರಲ್ಲಿ ಹೊಸ ಖಂಡದ ದ್ವೀಪಗಳನ್ನು ತಲುಪಿದ ಮೇಲೆ ಅಲ್ಲಿನ ಬೆಳೆಗಳು ಜಗತ್ತಿನಾದ್ಯಂತ ಹರಡಿದವು. ಮೆಣಸಿನಕಾಯಿ, ಗೋಡಂಬಿ, ಅನಾನಸುಗಳನ್ನು ಪೋರ್ಚುಗೀಸರು ನಮ್ಮ ಕರಾವಳಿಗೆ ತಂದರು. ಅದಕ್ಕೂ ಮೊದಲು ನಮ್ಮ ಖಾರವೆಂದರೆ ಮುಖ್ಯವಾಗಿ ಕರಿಮೆಣಸು. ಹೊಸ ಕಾಯಿಗೆ ಆ ಹಳೆಯ ಹೆಸರನ್ನೇ ಅಂಟಿಸಿದೆವು. ಅನೇಕ ಮನೆಗಳ ಶ್ರಾದ್ಧದ ಅಡುಗೆಯಲ್ಲಿ ಇಂದಿಗೂ ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊಗಳಿಗೆ ಪ್ರವೇಶವಿಲ್ಲ. ಅಜ್ಜಿಯರು ಪಾಲಿಸುತ್ತ ಬಂದ ಮಡಿಯೊಳಗೆ ಸಸ್ಯಚರಿತ್ರೆಯ ಒಂದು ಪುಟವೇ ಅಡಗಿದೆ.

ಆಹಾರದ ಹೆಸರಿನಲ್ಲಿ ನಮ್ಮದು, ಅನ್ಯರದು ಎಂಬ ವಾಗ್ವಾದಗಳು ಏಳುತ್ತಲೇ ಇರುತ್ತವೆ. ಅಂಥವರ ಮುಂದೆ ಸ್ವಾಮಿ ಅವರ ಪುಸ್ತಕ ವಾದ ಹೂಡುವುದಿಲ್ಲ. ಗಿಡದ ಜಾಡು ಹಿಡಿದು ನಡೆಯುತ್ತದೆ. ಜಾಡಿನ ಕೊನೆಯಲ್ಲಿ ಪರಂಪರೆಯೆಂದು ನಾವು ಬೀಗುವ ಅನೇಕ ರುಚಿಗಳು ಕೆಲವೇ ಶತಮಾನಗಳಷ್ಟು ಹಳೆಯವೆಂದು ತಿಳಿಯುತ್ತದೆ. ಅದರಿಂದ ರುಚಿಯೇನೂ ಕೆಡುವುದಿಲ್ಲ.

ಸ್ವಾಮಿ 1980ರಲ್ಲಿ, ಅರವತ್ತೆರಡರ ವಯಸ್ಸಿನಲ್ಲಿ ನಿಧನರಾದರು. ಕನ್ನಡದಲ್ಲಿ ವಿಜ್ಞಾನ ಬರೆಯಲು ಪದಗಳಿಲ್ಲವೆಂದು ಕೊರಗುವವರು ಅವರ ಒಂದು ಅಧ್ಯಾಯವನ್ನಾದರೂ ಓದಬೇಕು. ಊಟದ ಹೊತ್ತಿಗೆ ಓದಿದರೆ ಮತ್ತೂ ಒಳ್ಳೆಯದು.